ಬೇಡದಲ್ಲಿ ಎರಡು ಬಗೆ

ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಓದಿದ್ದೆಲ್ಲ ಬಾಳೆಲೆ. ಮೈಸೂರಿನ ಛತ್ರಗಳಲ್ಲಿ ಮದುವೆ, ಮುಂಜಿ, ನಾಮಕರಣ ಎಂದು ಜನ ಸೇರಿದಾಗ ಪಂಕ್ತಿಯಲ್ಲಿ ಬಡಿಸುವುದು ನನ್ನ ಕೆಲಸವಾಗಿತ್ತು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಸೌಟು, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ. ಹೋಳಿಗೆಗೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡವನು, ಹುಳಿಯಲ್ಲಿ ಬರೀ ಹೋಳು ಹುಡುಕುವವನು, ಮನೆಯಲ್ಲಿ ಜಗಳ ಮಾಡಿಕೊಂಡು ಬಂದವನು, ಎಲ್ಲರನ್ನೂ ಎಲೆ ನೋಡಿಯೇ ಗುರುತು ಹಿಡಿಯುತ್ತಿದ್ದೆ. ಇದನ್ನು ಯಾಕೆ ಮೊದಲು ಹೇಳುತ್ತಿದ್ದೇನೆಂದರೆ, ಐರ್ಲೆಂಡಿನ ಒಂದು ಬೆಟ್ಟದ ಮೇಲೆ, ಬೌದ್ಧರ ಗುಡಿಯೊಂದರಲ್ಲಿ ನನಗೆ ಸಿಕ್ಕ ಸಂತೋಷಕ್ಕೆ ಈ ಸೌಟೇ ಕಾರಣ. ಆ ಸಂತೋಷ ಇನ್ನೂ ಎದೆಯಲ್ಲಿ ಹಿಡಿಸುತ್ತಿಲ್ಲ. ಕಂಡವರಿಗೆಲ್ಲ ಹೇಳಿ ಮುಗಿಯಿತು, ಈಗ ಬರೆಯಲು ಕೂತಿದ್ದೇನೆ.

ನನ್ನ ಮಗಳು ಇರುವುದು ಐರ್ಲೆಂಡಿನ ಕಾರ್ಕ್ ಊರಿನಲ್ಲಿ. ಲಿಟಲ್ ಐಲ್ಯಾಂಡ್‌ನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಅಳಿಯನಿಗೂ ಅಲ್ಲೇ ಹತ್ತಿರದಲ್ಲಿ ಶಿಫ್ಟಿನ ಕೆಲಸ. ಅವರಿಗೆ ಒಬ್ಬಳೇ ಮಗಳು, ಅಲ್ಲೇ ಹುಟ್ಟಿದವಳು, ಈಗ ಏಳು ವರ್ಷ. ನಾನು ಮೂರು ತಿಂಗಳಿಗೆಂದು ಹೋಗಿದ್ದು ಇವಳ ಸಲುವಾಗಿಯೇ. ಹೋದ ದಿನದಿಂದ ಇವಳು ನನ್ನ ಬೆರಳು ಬಿಡಲಿಲ್ಲ. ನನ್ನ ತಲೆ ಬಾಚುತ್ತಿದ್ದಳು, ನನ್ನ ಕನ್ನಡಕ ಒರೆಸುತ್ತಿದ್ದಳು, ಶಾಲೆಯ ಗೇಟಿನ ಹತ್ತಿರ ಗೆಳತಿಯರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ. "ಪುಟ್ಟಿ, ನನ್ನ ಟೋಪಿ ಎಲ್ಲಿಟ್ಟೆ?" ಎಂದರೆ ಓಡಿಹೋಗಿ ಟೋಪಿ ತರುತ್ತಾಳೆ. ಆದರೆ ಬಾಯಿ ತೆರೆದರೆ ಇಂಗ್ಲಿಷು, ಅದೂ ಕಾರ್ಕಿನ ಜನರ ಹಾಗೆ ಏರಿಸಿ ಇಳಿಸಿ ರಾಗವಾಗಿ ಆಡುವ ಇಂಗ್ಲಿಷು. "ತಾತ" ಎನ್ನುವುದೊಂದನ್ನು ಬಿಟ್ಟರೆ ಅವಳ ಬಾಯಿಂದ ಕನ್ನಡದ ಒಂದು ಅಕ್ಷರ ಬೀಳುತ್ತಿರಲಿಲ್ಲ.

ನನಗೆ ಅದೊಂದೇ ಆಸೆ ಇತ್ತು. ಊರಿಗೆ ಹೊರಡುವುದರೊಳಗೆ ಅವಳು ನನ್ನ ಹತ್ತಿರ ಒಂದು ಮಾತು, ಒಂದೇ ಒಂದು ಮಾತು ಕನ್ನಡದಲ್ಲಿ ಆಡಬೇಕು. ನಾನು ಬಿಡಲಿಲ್ಲ. ಚಮಚ ತೋರಿಸಿ "ಚಮಚ ಅನ್ನು" ಎನ್ನುವುದು, ಕಿಟಕಿಯಾಚೆ ಕಾಗೆ ಕಂಡರೆ "ಕಾಗೆ ಅನ್ನು" ಎನ್ನುವುದು. ಅವಳು ನಕ್ಕು, "ಐ ಯಾಮ್ ಗ್ರ್ಯಾಂಡ್, ತಾತ" ಎಂದು ಹೋಗಿಬಿಡುತ್ತಿದ್ದಳು.

ಮೊದಮೊದಲು ಅದು ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಮದುವೆ ಗ್ರ್ಯಾಂಡು, ಸೀರೆ ಗ್ರ್ಯಾಂಡು. ಇಷ್ಟುದ್ದದ ಹುಡುಗಿ ತನ್ನನ್ನು ತಾನೇ ಗ್ರ್ಯಾಂಡು ಎಂದು ಹೊಗಳಿಕೊಳ್ಳುತ್ತಾಳಲ್ಲ ಎಂದು ಖುಷಿಯೇ ಆಗಿತ್ತು. ಆಮೇಲೆ ಮಗಳು ಬಿಡಿಸಿ ಹೇಳಿದಳು.

"ಇಲ್ಲಿ ಗ್ರ್ಯಾಂಡ್ ಅಂದ್ರೆ ಚೆನ್ನಾಗಿದೀನಿ, ಪರವಾಗಿಲ್ಲ, ಬೇಡ, ಎಲ್ಲಾನೂ ಅಪ್ಪ. ನಿಮಗೆ ಹೇಳ್ತಿರೋದು ಬೇಡ ಅಂತ. ಬಲವಂತ ಮಾಡ್ಬೇಡಿ. ಮಾಡಿದಷ್ಟೂ ಬಾಯಿ ಮುಚ್ಕೋತಾಳೆ."

"ಬಲವಂತ ಮಾಡದೆ ಯಾರಮ್ಮ ಎರಡನೇ ಹೋಳಿಗೆ ತಿಂದಿದಾರೆ?"

"ಇದು ಹೋಳಿಗೆ ಅಲ್ಲ ಅಪ್ಪ."

ಪಕ್ಕದ ಮನೆಯ ಮುದುಕಿಯ ಸಂಗತಿ ಇಲ್ಲೇ ಹೇಳಿಬಿಡಬೇಕು. ಒಂದು ಮಧ್ಯಾಹ್ನ ಆಕೆ ನಮ್ಮ ಪಾತ್ರೆಯೊಂದನ್ನು ವಾಪಸು ಕೊಡಲು ಬಂದರು. ಮನೆಯಲ್ಲಿ ನಾನು, ಮೊಮ್ಮಗಳು ಇಬ್ಬರೇ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿತ್ತು. ಲೋಟ ತೋರಿಸಿ "ಕಾಫಿ" ಎಂದೆ. "ನೋ ನೋ, ಐ ಯಾಮ್ ಗ್ರ್ಯಾಂಡ್" ಎಂದರು. ಮತ್ತೆ ತೋರಿಸಿದೆ. ಇನ್ನೂ ಜೋರಾಗಿ ನೋ ಎಂದರು, ಆದರೆ ಕಾಲು ಬಾಗಿಲ ಕಡೆ ತಿರುಗಲಿಲ್ಲ. ಮೂರನೇ ಸಲ ಲೋಟವನ್ನು ಕೈಗೇ ಕೊಟ್ಟೆ. ಕೋಟು ಬಿಚ್ಚಿ ಕೂತು ಎರಡು ಲೋಟ ಕುಡಿದರು. ಅವರು ಹೋದಮೇಲೆ ನನಗೆ ತಡೆಯಲಾರದ ನಗು. ಇವರೂ ನಮ್ಮವರೇ ಎನಿಸಿತು.

"ನೋಡು ಪುಟ್ಟಿ," ಎಂದೆ ಮೊಮ್ಮಗಳಿಗೆ. "ಬೇಡದಲ್ಲಿ ಎರಡು ಬಗೆ. ಒಂದು ಸುಳ್ಳು ಬೇಡ, ಒಂದು ನಿಜ ಬೇಡ. ಈ ಅಜ್ಜಿ ಹೇಳಿದ್ದು ಸುಳ್ಳು ಬೇಡ. ಮದುವೇಲಿ ಬೀಗರು ಹೇಳೋದೂ ಅದೇ. ಒಂದು ಕೈ ಅಡ್ಡ ಹಿಡಿದ್ರೆ ಸುಳ್ಳು, ಇನ್ನೊಂದು ಸೌಟು ಹಾಕು ಅಂತ ಅರ್ಥ. ಎರಡೂ ಕೈ ಅಡ್ಡ ಇಟ್ಟು ಎಲೆ ಮೇಲೆ ಬಗ್ಗಿಬಿಟ್ರೆ ನಿಜ. ಆಗ ನಿಲ್ಲಿಸ್ಬೇಕು."

ಇದನ್ನು ನನಗೆ ಕಲಿಸಿದ್ದು ನಮ್ಮ ಹಿರಿಯ ಅಡಿಗೆಯವರು. ಮೊಮ್ಮಗಳು ನೆಲದ ಮೇಲೆ ಮಲಗಿ ಕುದುರೆಯ ಚಿತ್ರಕ್ಕೆ ಬಣ್ಣ ಹಾಕುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ. ಗೋಡೆಗೆ ಹೇಳಿದಂತಾಯಿತು ಎಂದುಕೊಂಡೆ.

ನಾನು ಹೊರಡಲು ಒಂದು ವಾರ ಉಳಿದಿತ್ತು. ಆಗ ಮಗಳು ಹೊಸ ಮಾತು ತೆಗೆದಳು. ಪಶ್ಚಿಮದ ಕಡೆ ಬೆಟ್ಟದಲ್ಲಿ ಬೌದ್ಧರ ಗುಡಿಯೊಂದಿದೆ, ಜಪಾನಿನ ಪದ್ಧತಿಯದು, ಒಂದು ರಾತ್ರಿ ಅಲ್ಲಿ ಉಳಿದು ಬರಬಹುದು, ತನಗೆ ಬಹಳ ದಿನದಿಂದ ಮನಸ್ಸಿದೆ ಎಂದಳು. ಅಳಿಯನಿಗೆ ಶಿಫ್ಟು ಇತ್ತು. ನಾವು ಮೂವರೇ ಹೋಗುವುದು.

"ಏನು ವಿಶೇಷ ಅಲ್ಲಿ?"

"ಸಂಜೆಯಿಂದ ಬೆಳಿಗ್ಗೆ ತಿಂಡಿ ಮುಗಿಯೋ ತನಕ ಯಾರೂ ಮಾತಾಡೋ ಹಾಗಿಲ್ಲ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಗುವಿನ ಬಾಯಿಂದ ಒಂದು ಮಾತು ಕೇಳಲು ನಾನು ಕಾದು ಕೂತಿದ್ದೇನೆ, ಉಳಿದಿರುವುದು ಒಂದು ವಾರ, ಅದರಲ್ಲಿ ಒಂದು ದಿನವನ್ನು ಮೌನಕ್ಕೆ ಕೊಡಬೇಕಂತೆ. ಆದರೂ ಮಗಳ ಮುಖ ನೋಡಿ ಆಗಲಿ ಎಂದೆ. ವರ್ಷವೆಲ್ಲ ದುಡಿಯುವ ಹುಡುಗಿ, ಒಂದು ರಾತ್ರಿ ಸುಮ್ಮನಿರುವುದನ್ನು ಕೇಳುತ್ತಿದ್ದಾಳೆ.

ದಾರಿ ಉದ್ದಕ್ಕೂ ಕಲ್ಲಿನ ಗಿಡ್ಡ ಗೋಡೆಗಳು, ಕುರಿಗಳು, ಮುಳ್ಳುಪೊದೆಯ ಮೇಲೆ ಹಳದಿ ಹೂವು. ಕಾರು ಏರುತ್ತಾ ಹೋದ ಹಾಗೆ ಮನೆಗಳು ಕಡಿಮೆಯಾದವು. ಗುಡಿ ಎಂದರೆ ಗೋಪುರವೇನೂ ಇರಲಿಲ್ಲ. ಹಳೆಯ ರೈತರ ಮನೆ, ಪಕ್ಕದಲ್ಲಿ ಮರದ ಹಜಾರ, ಅದರೊಳಗೆ ಒಂದು ಚಿಕ್ಕ ಬುದ್ಧ. ನಡೆಸುವವರು ಐರಿಶ್ ಹೆಂಗಸು. ತಲೆ ಬೋಳಿಸಿಕೊಂಡಿದ್ದರು, ಕಪ್ಪು ನಿಲುವಂಗಿ, ಕೆನ್ನೆ ಮಾತ್ರ ಸೇಬಿನ ಹಾಗೆ ಕೆಂಪು. ಜಪಾನಿನ ಬೆಟ್ಟದ ಗುಡಿಯೊಂದರಲ್ಲಿ ವರ್ಷಗಟ್ಟಲೆ ಇದ್ದು ಕಲಿತು ಬಂದವರಂತೆ. ಅಲ್ಲಿ ಯಾತ್ರೆಗೆ ಬಂದವರಿಗೆ ಗುಡಿಯಲ್ಲೇ ರಾತ್ರಿ ತಂಗಲು ಚಾಪೆ, ಊಟ ಕೊಡುತ್ತಾರಂತೆ. ಮಗಳು ಅದನ್ನು ಕನ್ನಡದಲ್ಲಿ ಹೇಳಿದಾಗ ನಾನೆಂದೆ:

"ಹಂಗಂದ್ರೆ ಛತ್ರ ಅನ್ನು. ಗೊತ್ತಿರೋ ಜಾಗವೇ ಬಿಡು."

ನಿಜಕ್ಕೂ ಹಾಗೇ ಇತ್ತು. ಚಪ್ಪಲಿ ಹೊರಗೆ ಬಿಡಬೇಕು. ನೆಲದ ಮೇಲೆ ಕೂರಬೇಕು. ನೆಲದ ಮೇಲೇ ಹಾಸಿಗೆ. ಕೈ ಮುಗಿದು ಒಳಗೆ ಬರಬೇಕು. ಮೂರು ತಿಂಗಳಲ್ಲಿ ಮೊದಲ ಸಲ ನನಗೆ ಏನನ್ನೂ ಹೊಸದಾಗಿ ಕಲಿಯುವ ಕಷ್ಟವಿರಲಿಲ್ಲ. ನಾನು ಚಕ್ಕಳಮಕ್ಕಳ ಹಾಕಿ ಕೂತೆ. ನಮ್ಮ ಜೊತೆ ಬಂದಿದ್ದವರಲ್ಲಿ ಒಬ್ಬ ದನ ಸಾಕುವ ರೈತನಿದ್ದ, ಬಾಗಿಲ ಚೌಕಟ್ಟು ತುಂಬುವಂಥ ಆಳು. ಅವನ ಮಂಡಿ ಮಡಿಸುವುದೇ ಇಲ್ಲ. ದಿಂಬಿನ ಮೇಲೆ ದಿಂಬು ಪೇರಿಸಿ ಅದರ ಮೇಲೆ ಕೂತ. ನನ್ನ ಕಾಲು ನೋಡಿ ಮಗಳ ಹತ್ತಿರ ಏನೋ ಕೇಳಿದ.

"ನಿಮಗೆ ಮೂಳೆ ಇದೆಯಾ ಇಲ್ವಾ ಅಂತ ಕೇಳ್ತಿದಾರೆ ಅಪ್ಪ."

"ಇದೆ, ಇನ್ನೂ ಬಳಸಿಲ್ಲ ಅಂತ ಹೇಳು."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಅವಳಿಗೆ ನನ್ನ ಎಲ್ಲ ಹಾಸ್ಯವೂ ಅರ್ಥವಾಗುತ್ತಿತ್ತು, ಅದೇ ನನಗೆ ಇನ್ನಷ್ಟು ಸಂಕಟ.

ಕತ್ತಲಾಗುವ ಮೊದಲು ಆ ಸನ್ಯಾಸಿನಿ ಎಲ್ಲರನ್ನೂ ಕೂರಿಸಿ ಅಲ್ಲಿಯ ಕ್ರಮ ಹೇಳಿದರು. ಮಗಳು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ಗಂಟೆ ಹೊಡೆದ ಮೇಲೆ ಮಾತಿಲ್ಲ. ಬಟ್ಟಲಿಗೆ ಹಾಕಿಸಿಕೊಂಡಿದ್ದನ್ನು ಒಂದಗುಳೂ ಬಿಡುವ ಹಾಗಿಲ್ಲ. ಕೊನೆಯಲ್ಲಿ ಬಟ್ಟಲಿಗೆ ಬಿಸಿನೀರು ಹಾಕುತ್ತಾರೆ, ಉಪ್ಪಿನಲ್ಲಿ ಹಾಕಿದ ಮೂಲಂಗಿಯ ಚೂರಿನಿಂದ ಬಟ್ಟಲು ಉಜ್ಜಿ, ಚೂರನ್ನು ತಿಂದು, ಆ ನೀರನ್ನೂ ಕುಡಿಯಬೇಕು. ಬಡಿಸುವಾಗ ಸಾಕು ಎನಿಸಿದರೆ ಅಂಗೈ ಮೇಲೆತ್ತಬೇಕು.

"ಅರ್ಥ ಆಯ್ತಾ ಅಪ್ಪ? ಸಾಕು ಅಂದ್ರೆ ಕೈ ಎತ್ತೋದು."

"ಗೊತ್ತು ಕಣಮ್ಮ. ಇದನ್ನ ನನಗೆ ಹೇಳ್ಕೊಡ್ತೀಯಾ?" ಎಂದೆ.

ಆಮೇಲೆ ಎಲ್ಲರಿಗೂ ಒಂದೊಂದು ಕೆಲಸ ಹಂಚಿದರು. ರೈತನಿಗೆ ಸೌದೆ. ಮಗಳಿಗೆ ಹಜಾರ ಗುಡಿಸುವುದು. ಮೊಮ್ಮಗಳಿಗೆ ಬಾಗಿಲಲ್ಲಿ ಬಿಟ್ಟ ಪಾದರಕ್ಷೆಗಳನ್ನು ಜೋಡಿಸಿಡುವುದು. ನನಗೇನು ಬರುತ್ತದೆ ಎಂದು ಕೇಳಿದಾಗ ಮಗಳು, ಅಪ್ಪ ಪಂಕ್ತಿಯಲ್ಲಿ ಬಡಿಸುತ್ತಿದ್ದವರು ಎಂದು ಹೇಳಿದಳು. ಆಕೆ ಎದ್ದು ನಿಂತು ನನಗೆ ಬಗ್ಗಿ ಕೈಮುಗಿದರು. ಬೆಳಗಿನ ಊಟ ಬಡಿಸುವುದು ನನ್ನ ಪಾಲಿಗೆ ಬಂತು. ಸೌಟು ಹಿಡಿದು ಎಷ್ಟೋ ವರ್ಷವಾಗಿತ್ತು. ನನ್ನ ಬಲಗೈ ಆಗಲೇ ತುರಿಸಲು ಶುರುವಾಯಿತು.

ಗಂಟೆ ಹೊಡೆಯಿತು. ಮಾತು ನಿಂತಿತು.

ಆ ಸಂಜೆ ನಾನು ಎಣಿಸಿದ ಹಾಗೆ ಇರಲಿಲ್ಲ. ಮೊಮ್ಮಗಳು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಹತ್ತಿ ನಿಂತ ಕುರಿಮರಿಯನ್ನು ಬೆರಳಿನಿಂದ ತೋರಿಸಿದಳು. ನಾನು ಅದರ ಹಾಗೆ ಮುಖ ಮಾಡಿದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಕೆಳಗೆ ಕಣಿವೆಯಲ್ಲಿ ಒಂದೊಂದೇ ದೀಪ ಹತ್ತುವುದನ್ನು ಇಬ್ಬರೂ ನೋಡಿದೆವು. ನನ್ನ ಕನ್ನಡಕ್ಕೂ ಅವಳ ಇಂಗ್ಲಿಷಿಗೂ ಆಗ ಯಾವ ತಂಟೆಯೂ ಇರಲಿಲ್ಲ. ಇಷ್ಟೇ ಸಾಕಪ್ಪ, ಇದಕ್ಕಿಂತ ಆಸೆಪಡಬಾರದು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಆಯಿತು ಎಂದಿತು. ಈಗ ಯೋಚಿಸಿದರೆ ಅದೂ ಒಂದು "ಸುಳ್ಳು ಬೇಡ"ವೇ.

ನೆಲದ ಹಾಸಿಗೆಯಲ್ಲಿ ಸೊಗಸಾಗಿ ನಿದ್ದೆ ಬಂತು.

ಬೆಳಿಗ್ಗೆ ಮರದ ಹಲಗೆ ಬಡಿಯುವ ಸದ್ದಿಗೆ ಎಲ್ಲರೂ ಎದ್ದೆವು. ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಸುಮ್ಮನೆ ಕೂರುವುದು. ಮೊಮ್ಮಗಳು ತಾಯಿಯ ತೊಡೆಯ ಮೇಲೆ ಇನ್ನೊಂದು ನಿದ್ದೆ ಮುಗಿಸಿದಳು. ನನಗೆ ಧ್ಯಾನ ಎಲ್ಲಿಂದ ಬರಬೇಕು, ಮನಸ್ಸೆಲ್ಲ ಅಡಿಗೆಮನೆಯಲ್ಲಿತ್ತು. ಬೆಳಕು ಹರಿದಾಗ ಕರೆ ಬಂತು. ಹೋಗಿ ಪಾತ್ರೆಯ ಮುಚ್ಚಳ ತೆಗೆದೆ. ಅಕ್ಕಿ ಗಂಜಿ. ಬೆಳ್ಳಗೆ, ಬಿಸಿಬಿಸಿ, ಉಪ್ಪು ಕೂಡ ಹಾಕಿರದ ಗಂಜಿ. ಜ್ವರ ಬಂದವರಿಗೆ ನಮ್ಮಮ್ಮ ಕೊಡುತ್ತಿದ್ದುದು ಇದನ್ನೇ. ವಿಮಾನ ಹತ್ತಿ, ಬೆಟ್ಟ ಹತ್ತಿ, ಜಪಾನಿನ ಗುಡಿ ಹೊಕ್ಕು ನಾನು ಮುಟ್ಟಿದ್ದು ಗಂಜಿ ಪಾತ್ರೆ. ಮಾತಾಡುವಂತಿಲ್ಲವಲ್ಲ, ಒಬ್ಬನೇ ಒಳಗೊಳಗೇ ನಕ್ಕೆ.

ಪಂಕ್ತಿ ಕೂತಿತ್ತು. ಮೊದಲಿಗೆ ಸನ್ಯಾಸಿನಿ, ಆಮೇಲೆ ರೈತ, ಆಮೇಲೆ ಉಳಿದವರು, ಕೊನೆಗೆ ಮಗಳು, ಮೊಮ್ಮಗಳು. ಇಷ್ಟು ಸದ್ದಿಲ್ಲದ ಪಂಕ್ತಿಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಾನು ಬಗ್ಗಿ ಸನ್ಯಾಸಿನಿಯ ಬಟ್ಟಲಿಗೆ ಒಂದು ಸೌಟು ಬಿಟ್ಟೆ. ಆಕೆ ಅಂಗೈ ಎತ್ತಿದರು. ಒಂದು ಕೈ. ದೊಡ್ಡವರು, ಸಂಕೋಚ, ಮೊದಲ ಸೌಟಿಗೇ ಹೇಗೆ ಹೂಂ ಎಂದಾರು? ಇನ್ನೊಂದು ಬಿಟ್ಟೆ. ಆಕೆ ಒಂದು ಗಳಿಗೆ ನನ್ನನ್ನು ನೋಡಿ, ಬಟ್ಟಲೆತ್ತಿ ತಲೆ ಬಾಗಿಸಿದರು. ನೋಡಿದೆಯಾ, ನನ್ನ ಲೆಕ್ಕ ತಪ್ಪುವುದಿಲ್ಲ ಎಂದುಕೊಂಡೆ.

ರೈತನೂ ಒಂದು ಸೌಟಿಗೆ ಕೈ ಎತ್ತಿದ. ಆ ದೇಹಕ್ಕೆ ಒಂದು ಸೌಟು ಎಂದರೆ ನನಗೇ ಅವಮಾನ. ಎರಡನೆಯದು ಹಾಕಿದೆ. ಕೈ ಇನ್ನೂ ಎತ್ತಿಯೇ ಇತ್ತು, ಮುಖದಲ್ಲಿ ನಗುವಿತ್ತು. ಪಾಪ, ಬಾಯಿಬಿಟ್ಟು ಕೇಳುವ ಹಾಗಿಲ್ಲ, ಹಸಿದಿದ್ದಾನೆ. ಮೂರನೆಯದೂ ಬಿಟ್ಟೆ, ಬಟ್ಟಲು ಅಂಚಿನವರೆಗೆ ಬಂತು. ನನಗೆ ಹುರುಪು ಏರಿತು. ಮಾತಿಲ್ಲದ ಪಂಕ್ತಿಯಲ್ಲಿ ಉಪಚಾರವನ್ನು ಕೈಯಲ್ಲೇ ಮಾಡಬೇಕಲ್ಲ. ಮುಂದಿನವರಿಗೆಲ್ಲ ಕಣ್ಣಿನಲ್ಲೇ "ಇನ್ನೊಂದು ಸ್ವಲ್ಪ" ಎನ್ನುತ್ತಾ, ಎತ್ತಿದ ಅಂಗೈಯ ಪಕ್ಕದಿಂದ ಸೌಟು ನುಸುಳಿಸಿ ಹಾಕುತ್ತಾ ಹೋದೆ. ಒಬ್ಬ ತೆಳ್ಳನೆಯ ಹೆಂಗಸು ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಹೀಗೆ ಎಲೆ ಎಳೆದುಕೊಳ್ಳುವುದನ್ನು ನಾನು ಎಷ್ಟು ನೋಡಿಲ್ಲ. ಬಟ್ಟಲು ಹೋದ ಕಡೆಗೇ ಸೌಟೂ ಹೋಯಿತು.

ದೂರದಿಂದ ಮಗಳು ಕಣ್ಣು ಅಗಲ ಮಾಡಿ ನನ್ನನ್ನೇ ನೋಡುತ್ತಿದ್ದಳು. ಅಪ್ಪನ ಕೈಚಳಕ ಕಂಡು ಹೆಮ್ಮೆಪಡುತ್ತಿದ್ದಾಳೆ ಎಂದು ತಿಳಿದು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದೆ. ಅವಳ ಬಟ್ಟಲಿಗೂ ಎರಡು ಬಿತ್ತು.

ಕೊನೆಗೆ ಮೊಮ್ಮಗಳು. ಸೌಟು ತುಂಬಿ ಬಗ್ಗಿದೆ. ಅವಳು ಒಂದು ಕೈ ಎತ್ತಲಿಲ್ಲ. ಎರಡೂ ಕೈಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಪೂರ್ತಿ ಬಗ್ಗಿಬಿಟ್ಟಳು. ನನ್ನ ಕೈ ತಾನಾಗಿ ನಿಂತಿತು. ಅವಳು ಬಗ್ಗಿದ ಹಾಗೇ ಮುಖ ಮೇಲೆ ಮಾಡಿ, ಆ ನಿಶ್ಶಬ್ದದಲ್ಲಿ, ಮೆಲ್ಲಗೆ ಅಂದಳು:

"ಸಾಕು ತಾತ. ಎಲ್ಲಾರ್ಗೂ ಸಾಕು. ಇದು ಸುಳ್ಳು ಬೇಡ ಅಲ್ಲ ತಾತ. ನಿಜ ಬೇಡ."

ಕಾರ್ಕಿನ ರಾಗದಲ್ಲಿಯೇ ಅಂದಳು. "ನಿಜ" ಎನ್ನುವಾಗ ಜಕಾರ ಎಲ್ಲೋ ಜಾರಿತು. ಆದರೆ ಅದು ಕನ್ನಡ. ಒಂದು ಮಾತು ಬೇಡಿದ್ದೆ, ಬಂದದ್ದು ಸಾಲಾಗಿ ನಾಲ್ಕು. ಅದೂ ಅಂದು ಕುದುರೆಗೆ ಬಣ್ಣ ಹಾಕುತ್ತಾ ಕೇಳಿಯೇ ಇಲ್ಲವೆಂದು ನಾನು ತಿಳಿದಿದ್ದ ಮಾತು. ಗೋಡೆಗೆ ಹೇಳಿದ್ದು ಗೋಡೆಯೊಳಗೆ ಇಳಿದಿತ್ತು.

ನಾನು ತಿರುಗಿ ಪಂಕ್ತಿಯನ್ನು ನೋಡಿದೆ. ಆಗ ಕಂಡಿತು. ಒಬ್ಬೊಬ್ಬರ ಮುಂದೆಯೂ ತುಂಬಿ ತುಳುಕುವ ಬಟ್ಟಲು, ಎಲ್ಲರೂ ಅದನ್ನೇ ನೋಡುತ್ತಾ ಕೂತಿದ್ದಾರೆ. ಒಂದಗುಳೂ ಬಿಡುವ ಹಾಗಿಲ್ಲ. ರೈತನ ಭುಜ ಕುಲುಕುತ್ತಿತ್ತು, ನಗು ತಡೆದುಕೊಳ್ಳುತ್ತಿದ್ದ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಣ್ಣಲ್ಲಿ ನೀರು ಬಂದು, ಸೌಟಿನ ಗಂಜಿಯನ್ನು ಪಾತ್ರೆಗೆ ವಾಪಸು ಸುರಿಯುವಾಗ ಅರ್ಧ ನನ್ನ ಕೈಮೇಲೆಯೇ ಬಿತ್ತು. ಸನ್ಯಾಸಿನಿ ಮುಖದಲ್ಲಿ ಏನನ್ನೂ ತೋರಿಸದೆ ಎರಡು ಮರದ ತುಂಡುಗಳನ್ನು ತಟ್ಟಿದರು, ಊಟ ಶುರುವಾಯಿತು. ಎಲ್ಲರೂ ತಿಂದರು. ಬಹಳ ಹೊತ್ತು ತಿಂದರು. ಮೂಲಂಗಿಯ ಚೂರಿನಿಂದ ಉಜ್ಜಿ ನೀರನ್ನೂ ಕುಡಿದರು. ಆ ತೆಳ್ಳನೆಯ ಹೆಂಗಸು ನಡುವೆ ಎರಡು ಸಲ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು, ಧ್ಯಾನ ಎಂದರೆ ಅದೇ ಇರಬೇಕು.

ಗಂಟೆ ಹೊಡೆದು ಮಾತಿಗೆ ಬಿಡುವಾದ ಕೂಡಲೇ ನಾನು ಮಗಳಿಗೆ, "ಎಲ್ಲರ ಹತ್ರ ತಪ್ಪಾಯ್ತು ಅಂತ ಹೇಳಮ್ಮ" ಎಂದೆ. ಅವಳು ಹೇಳುವುದರೊಳಗೆ ರೈತ ಎದ್ದು ಬಂದು ಹೊಟ್ಟೆ ಸವರಿಕೊಂಡು ಏನೋ ಅಂದ, ಹಜಾರವೆಲ್ಲ ನಕ್ಕಿತು.

"ಆಸೆ ಬಿಡೋದು ಕಲಿಯೋಕೆ ಬಂದಿದ್ರಂತೆ ಅವ್ರು," ಮಗಳು ನಗುತ್ತಾ ಹೇಳಿದಳು. "ನೀವು ಮೂರು ಸೌಟು ಹಾಕಿದ್ರಲ್ಲ, ಇದೂ ಒಂದು ಪಾಠ ಇರ್ಬೇಕು ಅಂತ ಸುಮ್ನಿದ್ರಂತೆ. ಈಗ ಗಂಜಿ ಆಸೆ ಪೂರ್ತಿ ಬಿಟ್ಟಿದೆಯಂತೆ."

ಸನ್ಯಾಸಿನಿ ಮಗು ಏನು ಹೇಳಿತೆಂದು ಕೇಳಿದರು. ಮಗಳು ಎರಡು ಬಗೆಯ ಬೇಡವನ್ನು ವಿವರಿಸಿದಳು. ಆಕೆಯ ಕೆಂಪು ಕೆನ್ನೆ ಇನ್ನಷ್ಟು ಕೆಂಪಾಯಿತು. ತಮ್ಮ ತಾಯಿಯ ಮನೆಯಲ್ಲೂ ಹಾಗೇ ಇತ್ತಂತೆ. ಮೂರು ಸಲ ಬೇಡ ಎನ್ನದೆ ಟೀ ಕುಡಿದವರನ್ನು ಅಮ್ಮ ಮರ್ಯಾದೆ ಇಲ್ಲದವರು ಎನ್ನುತ್ತಿದ್ದರಂತೆ. ಜಪಾನಿಗೆ ಹೋದಮೇಲೆ ಒಂದೇ ಸಲಕ್ಕೆ ಕೈ ಎತ್ತಿ ನಿಲ್ಲಿಸಲು ಕಲಿಯಬೇಕಾಯಿತು, ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು ಎಂದರು. ನನ್ನ ಕಡೆ ತಿರುಗಿ ಮತ್ತೆ ಬಗ್ಗಿ ಕೈಮುಗಿದರು. ನಾನೂ ಮುಗಿದೆ. ಗಂಜಿ ಅಂಟಿದ ಕೈ.

ಮೊಮ್ಮಗಳು ಬಾಗಿಲಲ್ಲಿ ತನ್ನ ಕೆಲಸ ಮಾಡುತ್ತಿದ್ದಳು, ಎಲ್ಲರ ಚಪ್ಪಲಿ ಬೂಟುಗಳನ್ನು ಹೊರಮುಖವಾಗಿ ತಿರುಗಿಸಿಡುವುದು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಪುಟ್ಟಿ, ಮಾತಾಡಬಾರದು ಅಂತ ಹೇಳಿದ್ರಲ್ಲ. ನೀನು ಮಾತಾಡಿಬಿಟ್ಟೆಯಲ್ಲ."

ಅವಳು ಎರಡು ಬೂಟು ಸರಿಮಾಡಿ, ಬಹಳ ಸಹಜವಾಗಿ, "ಇಟ್ ವಾಸ್ ಓನ್ಲಿ ಕನ್ನಡ, ತಾತ" ಎಂದಳು. ಅಲ್ಲಿ ಯಾರಿಗೂ ಕನ್ನಡ ತಿಳಿಯುವುದಿಲ್ಲ, ಆದ್ದರಿಂದ ಅದು ಮೌನ ಮುರಿದಂತೆ ಅಲ್ಲ. ಅವಳ ಲೆಕ್ಕ ಅಷ್ಟೇ. ಅಳಬೇಕೆನಿಸಲಿಲ್ಲ ನನಗೆ. ಎಲ್ಲರೂ ಇರುವ ಪಂಕ್ತಿಯಲ್ಲಿ ನಮ್ಮಿಬ್ಬರಿಗೆ ಮಾತ್ರ ಕೇಳಿಸುವ ಒಂದು ಮಾತು ಇದೆ ಎಂದು ಮಗು ಕಂಡುಕೊಂಡಿತಲ್ಲ, ಅದು ಸಣ್ಣದೇ? "ಚಪ್ಪಲಿ ಅನ್ನು" ಎನ್ನಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಧ್ಯಾಹ್ನ ಕಾರಿನಲ್ಲಿ ಇಳಿಯುತ್ತಿದ್ದೆವು. ಮಗಳು ಓಡಿಸುತ್ತಿದ್ದಳು, ನಾನು ಮೊಮ್ಮಗಳ ಜೊತೆ ಹಿಂದಿನ ಸೀಟಿನಲ್ಲಿ. ಅವಳು ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಒಡೆದು ತಿನ್ನುತ್ತಾ ಇದ್ದವಳು ಇದ್ದಕ್ಕಿದ್ದಂತೆ ನನ್ನ ಅಂಗೈ ಬಿಡಿಸಿ ಅದರ ಮೇಲೆ ಒಂದು ಹಿಡಿ ಸುರಿದಳು. ನಾನು ತಿಂದೆ. ಮತ್ತೆ ಪೊಟ್ಟಣ ಬಗ್ಗಿಸಿ, ಥೇಟು ನಾನು ಪಂಕ್ತಿಯಲ್ಲಿ ಬಗ್ಗುವ ಹಾಗೆ ಸೊಂಟ ಬಗ್ಗಿಸಿ, ದನಿ ದಪ್ಪ ಮಾಡಿಕೊಂಡು ಅಂದಳು:

"ಇನ್ನೊಂದು ಸ್ವಲ್ಪ."

ಮುಂದಿನ ಕನ್ನಡಿಯಲ್ಲಿ ಮಗಳ ಕಣ್ಣು ಕಂಡಿತು. ನಾನು ಗಂಭೀರವಾಗಿ ಒಂದು ಕೈ ಎತ್ತಿ, "ಬೇಡಮ್ಮ, ಸಾಕು" ಎಂದೆ.

"ಸುಳ್ಳು ಬೇಡ," ಎಂದು ಅವಳು ಸುರಿಯುತ್ತಲೇ ಇದ್ದಳು. ಅಂಗೈ ತುಂಬಿ ಮಡಿಲಿಗೆ ಬಿತ್ತು, ಮಡಿಲಿಂದ ಸೀಟಿಗೆ ಬಿತ್ತು. ನಾನು ಇನ್ನೊಂದು ಕೈ ಎತ್ತಲಿಲ್ಲ.